ಹಿಂದಿನ ಬೆಂಚಿಗೆ ಮೂರನೇ ಸಲ

ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ, ಎದುರಿಗಿದ್ದ ಪರದೆಯ ಮೇಲೆ ನನ್ನದೇ ಗಂಟಲನ್ನು ನನಗೆ ತೋರಿಸಿದ ದಿನ ಮೊದಲು ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. "ನೋಡಿ ಮೇಡಂ, ಇಲ್ಲೊಂದು ಗಂಟು, ಈ ಕಡೆ ಇನ್ನೊಂದು. ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಾ?" ಅಂತ ಕೇಳಿದರು. ಇಪ್ಪತ್ತೆರಡು ವರ್ಷ ಅಂದೆ. "ಹಾಗಾದ್ರೆ ಬರಬೇಕಾದ್ದೇ ಬಂದಿದೆ" ಅಂದರು. ಇಷ್ಟು ಸಲೀಸಾಗಿ ಹೇಳ್ತಾನಲ್ಲ ಈ ಮನುಷ್ಯ ಅನ್ನಿಸಿತು. ಬೇಸಿಗೆ ರಜೆಯಲ್ಲಿ ಆಪರೇಷನ್ ಮಾಡಿಸಲೇಬೇಕು, ಅಲ್ಲಿಯವರೆಗೆ ಮಾತು ಕಡಿಮೆ ಮಾಡಬೇಕು, ಆಮೇಲೆ ದನಿ ಮೊದಲಿನ ಹಾಗೇ ಬರಬಹುದು, ಬರದೇನೂ ಇರಬಹುದು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಚೀಟಿ ಬರೆದುಕೊಟ್ಟರು.

ಕನ್ನಡ ಮೇಡಂಗೆ ಮಾತು ಕಡಿಮೆ ಮಾಡಿ ಅನ್ನೋದು. ಅದೂ ಜೂನ್ ತಿಂಗಳಲ್ಲಿ, ಇಡೀ ವರ್ಷ ಎದುರಿಗೆ ಬಿದ್ದಿರುವಾಗ.

ನಾನು ಪಾಠ ಮಾಡುತ್ತಿದ್ದದ್ದು ಯಲಹಂಕದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ, ಎಂಟರಿಂದ ಹತ್ತನೇ ಕ್ಲಾಸಿನವರೆಗೆ. ಒಂದೊಂದು ಕ್ಲಾಸಿನಲ್ಲೂ ನಲವತ್ತೈದು ಮಕ್ಕಳು. ಕಿಟಕಿಯಾಚೆ ರಸ್ತೆ, ರಸ್ತೆ ತುಂಬ ಏರ್‌ಪೋರ್ಟ್ ಕಡೆಗೆ ಓಡುವ ಟ್ಯಾಕ್ಸಿಗಳು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ಹಿಂದಿಯೋ ತೆಲುಗೋ ತಮಿಳೋ ಮಾತಾಡುವವರು. ಅವರ ಕಿವಿಗೆ ಕನ್ನಡ ಬೀಳಬೇಕು ಅಂದರೆ ಗಂಟಲು ಹರಿದುಕೊಳ್ಳಲೇಬೇಕಿತ್ತು. ಹರಿದುಕೊಂಡೆ. ಅದಕ್ಕೆ ಸಿಕ್ಕ ಬಹುಮಾನ ಆ ಎರಡು ಗಂಟು.

ನನ್ನ ಕ್ಲಾಸಿನಲ್ಲಿ ವಾರಕ್ಕೆರಡು ದಿನ ಉಕ್ತಲೇಖನ ಕಡ್ಡಾಯ. ಈ ಕಾಲದಲ್ಲಿ ಇದೇನು ಹಳೇ ಪದ್ಧತಿ ಅಂತ ಹೊಸ ಟೀಚರುಗಳು ಮೂಗು ಮುರಿಯುತ್ತಿದ್ದರು, ಮುರಿಯಲಿ. ನನ್ನ ಉಕ್ತಲೇಖನಕ್ಕೆ ಒಂದು ಕ್ರಮ ಇತ್ತು. ಮೊದಲ ಸಲ ಬೋರ್ಡಿನ ಹತ್ತಿರ ನಿಂತು ಇಡೀ ವಾಕ್ಯ. ಎರಡನೇ ಸಲ ಬೆಂಚುಗಳ ನಡುವೆ ಓಡಾಡುತ್ತಾ ಎರಡೆರಡೇ ಪದ ಬಿಡಿಸಿ. ಮೂರನೇ ಸಲ ಹಿಂದಿನ ಬೆಂಚಿನ ಪಕ್ಕದಲ್ಲೇ ನಿಂತು. ಅದಕ್ಕೆ ಮುಂಚೆ ಒಂದು ಸಣ್ಣ ಪೂಜೆ. "ಹಿಂದಿನ ಬೆಂಚು, ಕಿವಿ ಇಲ್ಲಿ ಕೊಡಿ. ಎಲ್ಲಿದ್ದೀರಿ, ಇನ್ನೂ ಕೆರೆ ದಡದ ವಾಕ್ಯದಲ್ಲೇ ಇದ್ದೀರಾ? ಇದೇ ಕೊನೇ ಸಲ, ಆಮೇಲೆ ಕಾಲು ಹಿಡಿದ್ರೂ ಹೇಳಲ್ಲ." ಇಷ್ಟು ಹೇಳಿ, ಮೂರನೇ ಸಲ ಹೇಳಿ, ಆಮೇಲೆ ನಾಲ್ಕನೇ ಸಲವೂ ಹೇಳುತ್ತಿದ್ದೆ. ಹೇಳ್ತೀನಿ ಅಂತ ಮಕ್ಕಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನೊಂದು ಅಭ್ಯಾಸವೂ ಇತ್ತು. ಗಂಟೆ ಹೊಡೆದ ಮೇಲೆ ಎಷ್ಟೇ ಅವಸರ ಇರಲಿ, ಬೋರ್ಡು ಒರೆಸದೆ ಕ್ಲಾಸಿನಿಂದ ಹೊರಗೆ ಬರುತ್ತಿರಲಿಲ್ಲ. ನನ್ನ ಬರಹವನ್ನು ಮುಂದಿನ ಪೀರಿಯಡ್‌ನವರು ಯಾಕೆ ಒರೆಸಬೇಕು? ಒರೆಸದೆ ಹೋಗುವ ಗಣಿತದ ಸಾರ್ ಜೊತೆ ಇದೇ ವಿಷಯಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದೆ. ಈ ಅಭ್ಯಾಸದ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಡಾಕ್ಟರ ಚೀಟಿ ತೆಗೆದುಕೊಂಡು ಪ್ರಿನ್ಸಿಪಾಲ್ ಮೇಡಂ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಅವರ ತಲೆ ಮೇಲೂ ಒಂದು ಆಡಳಿತ ಮಂಡಳಿ ಕೂತಿತ್ತು. ಚೀಟಿ ಓದಿ, ಕನ್ನಡಕ ತೆಗೆದಿಟ್ಟು, "ನಿಮ್ಮನ್ನ ಲೈಬ್ರರಿಗೆ ಹಾಕಿಬಿಡಿ ಅಂತಾರೆ ಮೇಡಂ, ನಾನು ಏನೂ ಮಾಡೋಕಾಗಲ್ಲ" ಅಂದರು. ನಮ್ಮ ಶಾಲೆಯ ಲೈಬ್ರರಿ ಅಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಬೀರು, ಒಂದು ರಿಜಿಸ್ಟರು. ಅಲ್ಲಿಗೆ ಹೋದ ಟೀಚರು ಮತ್ತೆ ಕ್ಲಾಸಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ನಾನು ಚೀಟಿ ಮಡಿಸಿ ಕೈಗೆತ್ತಿಕೊಂಡೆ. ಅವರಿಗೇ ಏನೋ ಅನ್ನಿಸಿರಬೇಕು. "ಒಂದು ದಾರಿ ಇದೆ" ಅಂದರು.

ದಾರಿ ಏನೆಂದರೆ, ಆ ವರ್ಷ ಎಲ್ಲ ಕ್ಲಾಸುಗಳಲ್ಲೂ ಕರಿಹಲಗೆಯ ಪಕ್ಕದಲ್ಲಿ ಸ್ಮಾರ್ಟ್ ಬೋರ್ಡ್ ಹಾಕಿಸಿದ್ದರು. ಹಾಕಿಸಿದ್ದು ಹೌದು, ಅದರಲ್ಲಿ ಪಾಠ ಮಾಡುವವರು ಯಾರೂ ಇರಲಿಲ್ಲ. ಭಾಷಾ ಟೀಚರುಗಳಿಗಾಗಿಯೇ ಒಂದು ಕೋರ್ಸ್ ಇದೆ, ತಂತ್ರಜ್ಞಾನ ಬಳಸಿ ಭಾಷೆ ಕಲಿಸುವುದು ಹೇಗೆ ಅಂತ, ಮಾರ್ಚ್‌ಗೆ ಮುಗಿಯುತ್ತದೆ. ಅದರ ಸರ್ಟಿಫಿಕೇಟ್ ತಂದರೆ, ಪಾಠವನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಂಡರೆ, "ನೀವು ಮಾತಾಡದಿದ್ರೂ ನಿಮ್ಮ ಪಾಠ ನಡೆಯುತ್ತೆ ಅಂತ ನಾನು ಅವರಿಗೆ ಹೇಳಬಹುದು" ಅಂದರು. ಸರ್ಟಿಫಿಕೇಟ್ ಇದ್ದರೆ ಕ್ಲಾಸು, ಇಲ್ಲದಿದ್ದರೆ ಮೆಟ್ಟಿಲ ಕೆಳಗೆ. ಇಷ್ಟೇ ಲೆಕ್ಕ.

ಆಗ ನನಗೆ ನಲವತ್ತೇಳು. ಪಾಠ ಮಾಡುವುದು ಬಿಟ್ಟರೆ ಬೇರೆ ಏನೂ ಬರದವಳು. ಸೇರಿದೆ.

ಕೋರ್ಸ್ ನಡೆಯುತ್ತಿದ್ದದ್ದು ಆರ್.ಟಿ. ನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ. ಕೆಳಗೆ ಬೇಕರಿ, ಮೇಲೆ ಕೋರ್ಸ್. ಇಡೀ ದಿನ ಪಫ್ಸ್ ಬೇಯುವ ವಾಸನೆ ಕುಡಿದುಕೊಂಡು ಕೂರಬೇಕಿತ್ತು. ಆರು ದಿನ ಶಾಲೆ, ಏಳನೇ ದಿನ ನಾನೇ ವಿದ್ಯಾರ್ಥಿ. ಅಮೃತಹಳ್ಳಿಯ ನಮ್ಮ ಮನೆಯಿಂದ ಹೊರಟು, ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಲ್ಲೇ ನಿಂತಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಭಾನುವಾರ ಕೂಡ ಅಲ್ಲಿ ಅಷ್ಟೊಂದು ಗಾಡಿ ಎಲ್ಲಿಗೆ ಹೋಗುತ್ತವೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ಬಸ್ಸಿನಲ್ಲಿ ನಿದ್ದೆ ಮಾಡಿ, ಒಂದೆರಡು ಸಲ ಸ್ಟಾಪು ದಾಟಿ ಹೋಗಿ, ವಾಪಸ್ ನಡೆದುಕೊಂಡು ಬಂದದ್ದೂ ಉಂಟು.

ಕ್ಲಾಸಿನಲ್ಲಿ ಇಪ್ಪತ್ತು ಜನ ಇದ್ದರು. ಹೆಚ್ಚಿನವರು ಇಂಗ್ಲಿಷ್ ಟೀಚರುಗಳು, ಎಲ್ಲರೂ ನನಗಿಂತ ಚಿಕ್ಕವರು. ಕಲಿಸುವವಳಿಗೂ ಮೂವತ್ತು ದಾಟಿತ್ತೋ ಇಲ್ಲವೋ. ಒಳ್ಳೆಯ ಹುಡುಗಿ. ನಾನು ಮೌಸು ಹಿಡಿದು ತಡಕಾಡುವಾಗ ಪಕ್ಕದಲ್ಲಿ ಬಂದು ನಿಂತು, "ಪರವಾಗಿಲ್ಲ ಮೇಡಂ, ನಿಧಾನ, ನಿಧಾನ" ಅನ್ನುತ್ತಿದ್ದಳು. ನಾನು ಇಪ್ಪತ್ತೆರಡು ವರ್ಷ ದಡ್ಡ ಮಕ್ಕಳಿಗೆ ಹೇಳಿದ ಮಾತು ಅದು. ನನಗೇ ಯಾರಾದರೂ ಹೇಳಿದರೆ ಇಷ್ಟು ಉರಿಯುತ್ತದೆ ಅಂತ ಗೊತ್ತಿರಲಿಲ್ಲ.

ಆದರೂ ಕಲಿತೆ. ಪರದೆ ಮೇಲೆ ಚಿತ್ರ ತರುವುದು, ಚಿತ್ರದ ಪಕ್ಕಕ್ಕೆ ಪದ ಬರಿಸುವುದು, ದನಿ ರೆಕಾರ್ಡ್ ಮಾಡುವುದು, ಕತ್ತರಿಸುವುದು, ಅಂಟಿಸುವುದು. ಕೊನೆಗೆ ಒಂದು ಪ್ರಾಜೆಕ್ಟ್. ಟೀಚರ್ ಬಾಯಿ ತೆರೆಯದೆ ನಡೆಯುವಂಥ ಇಪ್ಪತ್ತು ಪಾಠ ತಯಾರು ಮಾಡಿ ಒಪ್ಪಿಸಬೇಕು. ಎಲ್ಲರೂ ಅಯ್ಯೋ ಇಪ್ಪತ್ತಾ ಅಂದರು. ನಾನು ನಲವತ್ತು ಮಾಡುತ್ತೇನೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಏಪ್ರಿಲ್‌ನಲ್ಲಿ ಆಪರೇಷನ್. ಆಮೇಲೆ ಈ ದನಿ ಇರುತ್ತದೋ ಇಲ್ಲವೋ. ಇರುವಾಗಲೇ ತೆಗೆದಿಟ್ಟುಕೊಳ್ಳಬೇಕು. ಎಂಟನೇ ಕ್ಲಾಸಿನಿಂದ ಹತ್ತರವರೆಗಿನ ಎಲ್ಲ ಉಕ್ತಲೇಖನ, ಎಲ್ಲ ಗಟ್ಟಿ ಓದು. ನಾನು ರಿಟೈರ್ ಆಗುವವರೆಗೆ ಆಗುವಷ್ಟು.

ಮಗಳು ಮೈಸೂರಿನ ಹಾಸ್ಟೆಲಿಗೆ ಹೋಗುವಾಗ ಬಿಟ್ಟು ಹೋಗಿದ್ದ ಹಳೇ ಲ್ಯಾಪ್‌ಟಾಪ್ ಇತ್ತು. ಶಾಲೆಯಿಂದ ಬಂದು, ಕಾಫಿ ಕುಡಿದು, ನಡುಮನೆಯಲ್ಲಿ ಅದನ್ನು ಕುರ್ಚಿ ಮೇಲಿಟ್ಟು ರೆಕಾರ್ಡಿಂಗ್ ಶುರು ಮಾಡುತ್ತಿದ್ದೆ. ಕೂತುಕೊಂಡು ಓದಿದರೆ ನನಗೆ ಉಕ್ತಲೇಖನ ಬರುವುದೇ ಇಲ್ಲ ಅಂತ ಗೊತ್ತಾದದ್ದು ಆಗ. ಬಾಯಿ ಬಿಟ್ಟರೆ ಕಾಲು ನಡೆಯಬೇಕು. ಹಾಗಾಗಿ ಮೊದಲ ಸಲ ಟಿ.ವಿ. ಹತ್ತಿರ ನಿಂತು, ಎರಡನೇ ಸಲ ಸೋಫಾ ಸುತ್ತ ನಡೆದು, ಮೂರನೇ ಸಲ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು, "ಹಿಂದಿನ ಬೆಂಚು, ಇನ್ನೂ ಬರೀತಾ ಇದ್ದೀರಾ? ನಿಮ್ಮ ಪೆನ್ನಿಗೆ ಏನು ರೋಗ?" ಅಂತ ಗದರಿ, ಆಮೇಲೆ ವಾಕ್ಯ ಹೇಳುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನನ್ನ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು.

ಅತ್ತೆ ಅಮೃತಹಳ್ಳಿಗೆ ಸೊಸೆಯಾಗಿ ಬಂದಾಗ ಅದು ಇನ್ನೂ ಹಳ್ಳಿಯೇ. ಸ್ಕೂಲಿನ ಮುಖ ಕಂಡವರಲ್ಲ, ಆದರೆ ಅವರ ನಾಲಿಗೆ ಮುಂದೆ ನನ್ನ ನಾಲಿಗೆ ಏನೂ ಅಲ್ಲ. "ಏನವ್ವ ಮೇಷ್ಟ್ರಮ್ಮ, ಗೋಡೆಗೆ ಪಾಠ ಮಾಡ್ತಾ ಇದೀಯಾ? ಗೋಡೆ ಪಾಸಾಯ್ತದಾ?" ಅಂದರು ಮೊದಲ ದಿನ. ಅದೂ ರೆಕಾರ್ಡ್ ಆಯಿತು. ಅಳಿಸಿ ಮತ್ತೆ ಶುರು ಮಾಡಿದೆ. ಜಕ್ಕೂರಿನ ಕಡೆಯಿಂದ ತರಬೇತಿ ವಿಮಾನ ಗುಂಯ್ ಅಂತ ಮನೆ ಮೇಲೇ ಹಾದುಹೋಯಿತು. ಮತ್ತೆ ಅಳಿಸಿದೆ. ಫೆಬ್ರವರಿ ಬಂತು, ಯಲಹಂಕದಲ್ಲಿ ಏರ್ ಶೋಗೆ ಯುದ್ಧವಿಮಾನಗಳ ತಾಲೀಮು ಶುರುವಾಯಿತು, ಒಂದು ವಾರ ಏನೂ ಮಾಡುವ ಹಾಗಿರಲಿಲ್ಲ. ವಿಮಾನ ಇಲ್ಲದ ದಿನ ತರಕಾರಿ ಗಾಡಿ. ಆ ಗಾಡಿಯವನು ತನ್ನ ಕೂಗನ್ನು ರೆಕಾರ್ಡ್ ಮಾಡಿ ಒಂದು ಪುಟ್ಟ ಸ್ಪೀಕರಿನಲ್ಲಿ ಹಾಕಿಬಿಟ್ಟಿದ್ದ. ಈರುಳ್ಳಿ, ಟೊಮ್ಯಾಟೊ, ಹುರುಳಿಕಾಯಿ, ಮತ್ತೆ ಈರುಳ್ಳಿ, ಟೊಮ್ಯಾಟೊ, ಹುರುಳಿಕಾಯಿ. ಅವನು ಮಾತ್ರ ಬಾಯಿ ಮುಚ್ಚಿಕೊಂಡು ಎಲೆ ಅಡಿಕೆ ಹಾಕುತ್ತಾ ಗಾಡಿ ತಳ್ಳುತ್ತಿದ್ದ. ಅತ್ತೆ ಕಿಟಕಿಯಿಂದ ನೋಡಿ, "ಅವ್ನೂ ನಿನ್ ಕೋರ್ಸೇ ಮಾಡವ್ನೆ ಅಂತ ಕಾಣ್ತದೆ ಕಣವ್ವ" ಅಂದರು. ನನಗೆ ನಗು ಬಂದು, ನಕ್ಕಿದ್ದಕ್ಕೆ ಗಂಟಲು ನೋವು ಬಂತು.

ಸಂಜೆ ಹೊತ್ತಿಗೆ ದನಿ ಒಡೆದುಹೋಗುತ್ತಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಸುಮ್ಮನಿದ್ದು, ಮತ್ತೆ ಓದುತ್ತಿದ್ದೆ. ಮಾತು ಕಡಿಮೆ ಮಾಡಿ ಅಂದಿದ್ದರು ಡಾಕ್ಟರು, ನಾನು ಎರಡರಷ್ಟು ಮಾಡಿದ್ದೆ. ದನಿ ಉಳಿಸಿಕೊಳ್ಳಲು ದನಿಯನ್ನೇ ಖರ್ಚು ಮಾಡುತ್ತಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಬೇಜಾರಾಗುತ್ತಿತ್ತು. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಒಂದು ದಿನ, "ಸಾಕು ಬಿಡೇ, ಲೈಬ್ರರಿ ಆದ್ರೂ ಸಂಬಳ ಅದೇ ಅಲ್ವಾ" ಅಂದರು. ಅವತ್ತು ಅವರ ಮೇಲೂ ರೇಗಿದೆ.

ಹದಿನೈದು ಪಾಠ ಆದ ಮೇಲೆ ಒಂದು ಭಾನುವಾರ ಕಲಿಸುವ ಹುಡುಗಿಗೆ ತೋರಿಸಿದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಅವಳ ಮುಖ ನೋಡುತ್ತಾ ಕೂತೆ, ರಿಸಲ್ಟ್ ದಿನ ಮಕ್ಕಳು ನನ್ನ ಮುಖ ನೋಡುವ ಹಾಗೆ. ಕೊನೆಗೆ ಹೆಡ್‌ಫೋನ್ ತೆಗೆದು, "ವಾಯ್ಸ್ ಎಷ್ಟು ಚೆನ್ನಾಗಿದೆ ಮೇಡಂ. ಆದ್ರೆ..." ಅಂದಳು.

ದನಿ ಒಮ್ಮೆ ಹತ್ತಿರ ಒಮ್ಮೆ ದೂರ ಕೇಳುತ್ತದೆ, ಒಂದೇ ಕಡೆ ಕೂತು ಓದಿ. ಒಂದೇ ವಾಕ್ಯ ಮೂರು ಸಲ ಇದೆ, ಒಂದು ಸಲ ಸಾಕು. ನಡುವೆ ಬರುವ ಬೈಗುಳ ತೆಗೆದುಬಿಡಿ. "ಅಲ್ಲಿ ಯಾರೂ ಇಲ್ವಲ್ಲ ಮೇಡಂ, ಯಾರನ್ನ ಬೈತಿದ್ದೀರಾ?" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

"ಮೂರು ಸಲ ಹೇಳದಿದ್ರೆ ಹಿಂದಿನ ಬೆಂಚಿನವರಿಗೆ ಸಿಗಲ್ಲಮ್ಮ" ಅಂದೆ.

"ಮಗುಗೆ ಬೇಕು ಅಂದ್ರೆ ರಿವೈಂಡ್ ಮಾಡಿ ಕೇಳ್ಕೊಳುತ್ತೆ ಮೇಡಂ. ಅದೇ ತಾನೇ ಇದರ ಅನುಕೂಲ?"

"ನಲವತ್ತೈದು ಮಕ್ಕಳು, ಒಂದು ಬೋರ್ಡು. ಯಾವ ಮಗು ಎದ್ದು ಬಂದು ರಿವೈಂಡ್ ಮಾಡುತ್ತೆ?"

ಅವಳು ಸುಳ್ಳು ಹೇಳುವ ಜಾಯಮಾನದವಳಲ್ಲ. "ನೀವು ಹೇಳೋದು ಸರೀನೇ" ಅಂದಳು. "ಆದ್ರೆ ಮಾರ್ಕ್ಸ್ ಹಾಕೋಳು ನಾನಲ್ಲ ಮೇಡಂ. ಬೇರೆಯವರು ಬರ್ತಾರೆ, ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತೆ. ದನಿ ಒಂದೇ ಮಟ್ಟದಲ್ಲಿದೆಯಾ, ಅನಗತ್ಯ ಮಾತು ಇದೆಯಾ, ಅಂತ ಟಿಕ್ ಹಾಕ್ತಾ ಹೋಗ್ತಾರೆ. ಹೀಗೇ ಕೊಟ್ರೆ ಕಷ್ಟ."

ಅನಗತ್ಯ ಮಾತು. ಬಸ್ಸಿನಲ್ಲಿ ಮನೆಯವರೆಗೂ ಅದೇ ಕಿವಿಯಲ್ಲಿತ್ತು. ಮೆಟ್ಟಿಲ ಕೆಳಗಿನ ಕೋಣೆಯೂ ಕಣ್ಣ ಮುಂದೆಯೇ ಇತ್ತು. ಜಗಳ ಆಡುವ ಶಕ್ತಿ ಇದ್ದಿದ್ದರೆ ಆಡುತ್ತಿದ್ದೆನೇನೋ. ಅಷ್ಟು ಹೊತ್ತಿಗೆ ನನಗೆ ಸಾಕಾಗಿಹೋಗಿತ್ತು. ಪಾಸಾದರೆ ಸಾಕು, ಮುಗಿದರೆ ಸಾಕು ಅನ್ನುವ ಹಂತಕ್ಕೆ ಬಂದಿದ್ದೆ. ಒಂದು ಕಾಲದಲ್ಲಿ ಇದೇ ಮಾತು ಆಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಕತ್ತರಿಸಲು ಕೂತೆ. ದನಿ ಪರದೆಯ ಮೇಲೆ ಗೆರೆಯಾಗಿ ಬರುತ್ತಿತ್ತು. ಮಾತು ಮೆಲ್ಲಗಿದ್ದಲ್ಲಿ ಗೆರೆ ಸಣ್ಣದು, ಜೋರಾದಲ್ಲಿ ಎತ್ತರ. ಬೈಗುಳ ಎಲ್ಲಿದೆ ಅಂತ ಹುಡುಕುವ ಕಷ್ಟವೇ ಇರಲಿಲ್ಲ, ಎಲ್ಲಕ್ಕಿಂತ ಎತ್ತರಕ್ಕೆ ಎದ್ದು ನಿಂತಿರುತ್ತಿತ್ತು. "ಹಿಂದಿನ ಬೆಂಚು" ಶುರುವಾಗುವಲ್ಲಿ ಒಂದು ಗೀಟು, ಮುಗಿಯುವಲ್ಲಿ ಒಂದು ಗೀಟು, ತೆಗೆದುಹಾಕು. ಎರಡನೇ ಸಲ, ತೆಗೆದುಹಾಕು. ಮೂರನೇ ಸಲ, ತೆಗೆದುಹಾಕು. ಮಿಕ್ಕ ಪಾಠಗಳನ್ನೂ ಹಳೇ ಥರವೇ ಸೋಫಾ ಸುತ್ತಿಕೊಂಡು ಓದಿದೆ. ಬೇರೆ ಥರ ಓದಲು ಬರಲೇ ಇಲ್ಲ. ಓದಿ, ಆಮೇಲೆ ಕತ್ತರಿಸಿದೆ. ಹತ್ತು ನಿಮಿಷದ ಉಕ್ತಲೇಖನ ಮೂರು ನಿಮಿಷಕ್ಕೆ ಇಳಿಯಿತು. ಏರಿಳಿತ ಇದ್ದಲ್ಲಿ ಒಂದು ಗುಂಡಿ ಒತ್ತಿದರೆ ಸಮವಾಗುತ್ತಿತ್ತು, ಅದನ್ನೂ ಒತ್ತಿದೆ. ಮೂರು ವಾರ ಬರೀ ಇದೇ ಕೆಲಸ. ಬೆನ್ನು ನೋವು, ಕಣ್ಣುರಿ, ಒಂದು ಮೂಲೆಯಲ್ಲಿ ತಿದ್ದದೆ ಬಿದ್ದಿದ್ದ ಕಿರುಪರೀಕ್ಷೆಯ ಕಟ್ಟು.

ನಲವತ್ತೂ ಮುಗಿದ ದಿನ, ಲ್ಯಾಪ್‌ಟಾಪ್ ಜಾಗ ಸಾಲದು ಅಂತ ಸೂಚನೆ ಕೊಡುತ್ತಿತ್ತು. ಕತ್ತರಿಸುವ ಮುಂಚಿನ ಕರಡುಗಳೆಲ್ಲ ಒಂದು ಕಡೆ ಇದ್ದವು. ಕೋರ್ಸಿನಲ್ಲಿ ಯಾರೂ ಅವನ್ನು ಅಳಿಸಿ ಅಂತ ಹೇಳಿರಲಿಲ್ಲ. ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ ಅಂತಲೇ ಆ ಹುಡುಗಿ ಹೇಳಿದ್ದಳು. ನಾನು ಎಲ್ಲವನ್ನೂ ಆರಿಸಿ, ಅಳಿಸಿ, ಅಳಿಸಿದ ಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಪಾಠ ಮುಗಿಯಿತು, ಬೋರ್ಡು ಒರೆಸಿದೆ. ಕೈಗೆ ಮೆತ್ತಿದ ಸೀಮೆಸುಣ್ಣದ ಪುಡಿ ಝಾಡಿಸಿಕೊಳ್ಳುವ ಹಾಗೆ ಎರಡೂ ಕೈ ತಟ್ಟಿಕೊಂಡದ್ದು ಕೂಡ ನೆನಪಿದೆ.

ಮಾರ್ಚ್ ಕೊನೆಗೆ ಪಟ್ಟಿ ಹಿಡಿದವರು ಬಂದರು. ಇಬ್ಬರು. ನನ್ನ ಮೂರು ಪಾಠ ಕೇಳಿ, ಟಿಕ್ ಹಾಕುತ್ತಾ ಹೋಗಿ, "ವೆರಿ ಕ್ಲೀನ್" ಅಂದರು. ನಲವತ್ತು ಮಾಡಿದ್ದೀರಾ ಅಂತ ಹುಬ್ಬೇರಿಸಿದರು. ಮುಂದಿನ ಭಾನುವಾರ ಸರ್ಟಿಫಿಕೇಟ್ ಕೊಟ್ಟರು. ಮೊದಲನೇ ದರ್ಜೆ. ಒಂದು ಗುಲಾಬಿ, ಒಂದು ಗುಂಪು ಫೋಟೊ, ಕೆಳಗಿನ ಬೇಕರಿಯಿಂದ ತರಿಸಿದ ಪಫ್ಸ್. ಕಲಿಸಿದ ಹುಡುಗಿ ಕೈ ಹಿಡಿದುಕೊಂಡು, "ಮೇಡಂ, ನೀವು ಬಿಟ್ಟುಹೋಗ್ತೀರಾ ಅಂದ್ಕೊಂಡಿದ್ದೆ" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ ಅಂತ ಹೇಳಬೇಕೆನ್ನಿಸಿತು, ಹೇಳಲು ದನಿ ಏಳಲಿಲ್ಲ. ಖುಷಿ ಆಗಬೇಕಿತ್ತು. ಆಗಲಿಲ್ಲ, ಸುಸ್ತಾಗಿತ್ತು. ಫ್ಲೈಓವರ್ ಮೇಲೆ ಬಸ್ಸು ನಿಂತಾಗ ಮಡಿಲಲ್ಲಿ ಸರ್ಟಿಫಿಕೇಟ್ ಇಟ್ಟುಕೊಂಡು ನಿದ್ದೆ ಹೋದೆ. ಗುಲಾಬಿ ಎಲ್ಲೋ ಬಿದ್ದುಹೋಗಿತ್ತು.

ಮರುದಿನ ಪ್ರಿನ್ಸಿಪಾಲ್ ಮೇಡಂ ಸರ್ಟಿಫಿಕೇಟ್ ನೋಡಿ ಎದ್ದು ನಿಂತು ಕೈ ಕುಲುಕಿದರು. "ಎಂಟು, ಒಂಬತ್ತು, ಹತ್ತು, ಮೂರೂ ನಿಮಗೇ. ಆರಾಮಾಗಿ ಆಪರೇಷನ್ ಮಾಡಿಸ್ಕೊಂಡು ಬನ್ನಿ" ಅಂದರು. ಅವತ್ತು ಮಾತ್ರ ಸ್ಟಾಫ್ ರೂಮಿಗೆ ಹೋಗುವಾಗ ಮೆಟ್ಟಿಲ ಕೆಳಗಿನ ಬಾಗಿಲನ್ನು ತಲೆಯೆತ್ತಿ ನೋಡಿಕೊಂಡು ಹೋದೆ.

ಆಪರೇಷನ್ ಆಯಿತು. ಮೂರು ವಾರ ಒಂದು ಮಾತೂ ಆಡಬಾರದು ಅಂದರು, ಪಿಸುಗುಟ್ಟಬಾರದು ಕೂಡ. ಒಂದು ಸ್ಲೇಟು, ಒಂದು ಬಳಪ ತಂದಿಟ್ಟುಕೊಂಡೆ. ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ಅತ್ತೆ. ಮೊದಲ ದಿನವೇ, ನೀರು ಕಾಯಿಸಿ ಅಂತ ಸ್ಲೇಟಿನ ಮೇಲೆ ದುಂಡಗೆ ಬರೆದು ಅತ್ತೆಗೆ ತೋರಿಸಿದೆ. ಅವರು ಸ್ಲೇಟು ನೋಡಿದರು, ನನ್ನ ಮುಖ ನೋಡಿದರು. "ನಂಗೇನವ್ವ ತಿಳೀತದೆ ಇದು" ಅಂದರು.

ಇಪ್ಪತ್ತಮೂರು ವರ್ಷ ಒಂದೇ ಮನೆಯಲ್ಲಿ ಇದ್ದೇನೆ. ಯಾರು ಯಾರ ಮಕ್ಕಳಿಗೋ ಅಕ್ಷರ ಕಲಿಸಿದ್ದೇನೆ. ನಾಚಿಕೆಯಿಂದ ಸ್ಲೇಟು ಮಗುಚಿಟ್ಟು, ಕೈಸನ್ನೆಯಲ್ಲೇ ನೀರು ಕೇಳಿದೆ.

ಅತ್ತೆಗೆ ಮಾತಿಲ್ಲದ ಮನೆ ಹಿಡಿಸಲಿಲ್ಲ. ಒಬ್ಬರೇ ಆಡಿ ಆಡಿ ಬೇಸರವಾಗಿ, ಎರಡನೇ ವಾರ ಒಂದು ಮಧ್ಯಾಹ್ನ, "ಅದೇ ನಿನ್ ಪೆಟ್ಗೆ ಆಕು. ನಿನ್ ದನೀನಾರಾ ಕೇಳಾನ" ಅಂದರು. ಲ್ಯಾಪ್‌ಟಾಪ್ ತೆಗೆದು ಮೊದಲ ಉಕ್ತಲೇಖನ ಹಾಕಿದೆ. "ಕೆರೆಯ ನೀರು ತಿಳಿಯಾಗಿತ್ತು. ದಡದಲ್ಲಿ ಕೊಕ್ಕರೆಗಳು ಸಾಲಾಗಿ ನಿಂತಿದ್ದವು." ನನ್ನ ದನಿ ಒಂದೇ ಸಮ ಹರಿದುಕೊಂಡು ಹೋಯಿತು, ಎಲ್ಲೂ ಎಡವದೆ, ಎಲ್ಲೂ ನಿಲ್ಲದೆ. ಅತ್ತೆ ತಲೆ ಓರೆ ಮಾಡಿ ಕೇಳಿದರು. ಮೂರು ನಿಮಿಷಕ್ಕೆ ಮುಗಿಯಿತು. ಇನ್ನೂ ಏನೋ ಬರುತ್ತದೆ ಅಂತ ಕಾಯುವವರ ಹಾಗೆ ಕೂತೇ ಇದ್ದರು.

"ಇಷ್ಟೇನಾ? ಬೈಯ್ಯೋದು ಎಲ್ಲೋಯ್ತು?" ಅಂದರು.

ನಾನು ಕತ್ತರಿಸಿದೆ ಅಂತ ಬೆರಳಲ್ಲಿ ಸನ್ನೆ ಮಾಡಿದೆ.

"ಅಯ್ಯೋ ಪಾಪ, ಅದ್ಯಾಕೆ ಕತ್ತರಿಸ್ದೆ? ನೀನು ಅಂದ್ರೆ ಅದೇ ಅಲ್ವಾ. ಇದ್ಯಾರೋ ಟೇಸನ್ನಾಗೆ ರೈಲು ಬತ್ತದೆ ಅಂತ ಯೋಳೋಳಂಗೆ ಅವ್ಳೆ" ಅಂದು ಎದ್ದು ಹೋದರು.

ಆಗ ಹುಡುಕಿದೆ. ಕರಡು ಇದ್ದ ಜಾಗ, ಕಸದ ಬುಟ್ಟಿ, ಪೆನ್‌ಡ್ರೈವು, ಮೊಬೈಲು. ಒಂದೂ ಉಳಿದಿರಲಿಲ್ಲ. ನಲವತ್ತು ಪಾಠದಲ್ಲಿ ಒಂದೇ ಒಂದು "ಹಿಂದಿನ ಬೆಂಚು" ಸಿಕ್ಕಲಿಲ್ಲ. ಅತ್ತೆ ಗೋಡೆ ಪಾಸಾಯ್ತದಾ ಅಂದದ್ದು ಕೂಡ ಇರಲಿಲ್ಲ. ಅಷ್ಟು ಚೊಕ್ಕಟವಾಗಿ ಒರೆಸಿದ್ದೆ. ಅವತ್ತು ತುಂಬ ಅಳು ಬಂತು. ಸದ್ದು ಮಾಡಬಾರದು ಅಂದಿದ್ದರಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಯಾರನ್ನು ಬೈಯಲಿ? ಆ ಹುಡುಗಿ ನಿಜವನ್ನೇ ಹೇಳಿದ್ದಳು. ಪಟ್ಟಿಯವರು ಅವರ ಕೆಲಸ ಮಾಡಿದ್ದರು. ಕತ್ತರಿಸಿದವಳು ನಾನು, ಒರೆಸಿದವಳೂ ನಾನೇ.

ಜೂನ್‌ಗೆ ದನಿ ಬಂತು. ಬಂತು ಅಂತ ಹೇಳಬೇಕು, ಅಷ್ಟೇ. ತೆಳ್ಳಗೆ, ಒಣಗಿದ ದನಿ. ಎರಡು ಬೆಂಚು ದಾಟಿದರೆ ಕೇಳುತ್ತಿರಲಿಲ್ಲ. ಫೋನಿನಲ್ಲಿ ಮಗಳು ಎರಡು ಸಲ ಯಾರು ಅಂತ ಕೇಳಿದಳು. ಇನ್ನು ಇದೇ, ಇದನ್ನೇ ಜೋಪಾನ ಮಾಡಿ ಅಂದರು ಡಾಕ್ಟರು.

ಶಾಲೆ ಶುರುವಾದ ಎರಡನೇ ವಾರ ಎಂಟನೇ ಕ್ಲಾಸಿಗೆ ಮೊದಲ ಉಕ್ತಲೇಖನ. ಹೊಸ ಮಕ್ಕಳು. ಏಳನೇ ಕ್ಲಾಸಿನವರೆಗೆ ಬೇರೆ ಕಟ್ಟಡದಲ್ಲಿ ಇದ್ದವರು, ನನ್ನ ಹಳೇ ದನಿಯನ್ನು ಕೇಳಿಯೇ ಇಲ್ಲದವರು. ಪುಸ್ತಕ ತೆಗೀರಿ ಅಂತ ಬೋರ್ಡಿನ ಮೇಲೆ ಬರೆದೆ. ತೆಗೆದರು. ಸ್ಮಾರ್ಟ್ ಬೋರ್ಡಿನಲ್ಲಿ ಪಾಠ ಹಾಕಿ ಕುರ್ಚಿಯಲ್ಲಿ ಕೂತೆ. ಕ್ಲಾಸಿನಲ್ಲಿ ಕೂತದ್ದು ಅದೇ ಮೊದಲು. ಪರದೆಯ ಮೇಲೆ ಕೆರೆಯ ಚಿತ್ರ ಬಂತು, ದನಿ ಬಂತು, ನಲವತ್ತೈದು ತಲೆ ಬಗ್ಗಿದವು. ಎಲ್ಲ ಸರಿಯಾಗಿತ್ತು. ಇದಕ್ಕೇ ತಾನೇ ಅಷ್ಟು ಭಾನುವಾರ ಕೊಟ್ಟದ್ದು ಅಂದುಕೊಂಡೆ.

ನಾಲ್ಕನೇ ವಾಕ್ಯಕ್ಕೆ ಹಿಂದಿನ ಬೆಂಚು ಬಿಟ್ಟುಹೋಯಿತು. ಕೂತಲ್ಲಿಂದಲೇ ಕಾಣುತ್ತಿತ್ತು. ಮೂರು ಹುಡುಗಿಯರು ಒಬ್ಬರ ಪುಸ್ತಕ ಒಬ್ಬರು ನೋಡುತ್ತಿದ್ದರು. ದನಿ ಕಾಯಲಿಲ್ಲ, ಐದನೇ ವಾಕ್ಯಕ್ಕೆ ಹೋಯಿತು, ಆರಕ್ಕೆ ಹೋಯಿತು. ತರಕಾರಿ ಗಾಡಿಯ ಸ್ಪೀಕರು ನೆನಪಾಯಿತು. ಯಾರು ಕರೆದರೂ ಅದೂ ಹೀಗೇ ಹೇಳಿಕೊಂಡು ಹೋಗುತ್ತಿತ್ತು. ಆ ಮೂವರಲ್ಲಿ ಒಬ್ಬಳು, ಎರಡು ಜಡೆಯವಳು, ಕೈ ಎತ್ತಿದಳು.

"ಮಿಸ್, ಅವರಿಗೆ ಇನ್ನೊಂದ್ಸಲ ಹೇಳೋಕ್ ಹೇಳಿ ಮಿಸ್."

"ಯಾರಿಗೆ?" ಅಂದೆ. ಅವಳಿಗೆ ಕೇಳಿಸಲಿಲ್ಲ, ಮುಂದಿನ ಬೆಂಚಿನವನು ತಿರುಗಿ ಯಾರಿಗೆ ಅಂತೆ ಅಂತ ದಾಟಿಸಿದ.

ಅವಳು ಸ್ಮಾರ್ಟ್ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಆ ಮಿಸ್‌ಗೆ. ಅವರ ವಾಯ್ಸ್ ಚೆನ್ನಾಗಿದೆ ಮಿಸ್, ಆದ್ರೆ ನಿಲ್ಲಿಸೋದೇ ಇಲ್ಲ."

ಯಾರೂ ನಗಲಿಲ್ಲ. ಅವರೆಲ್ಲರಿಗೂ ಅದು ಬೇರೆ ಯಾರೋ ಮಿಸ್ಸೇ. ಎದ್ದು ಹೋಗಿ ಪಾಠ ನಿಲ್ಲಿಸಿದೆ. ಅದು ನಾನೇ ಕಣ್ರೋ ಅಂತ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಇಲ್ಲಿಂದ ಹೇಳಿದರೆ ಹಿಂದಕ್ಕೆ ಮುಟ್ಟುವುದೂ ಇಲ್ಲ. ಬೆಂಚುಗಳ ನಡುವೆ ನಡೆದು, ಆ ಹುಡುಗಿಯ ಪಕ್ಕದಲ್ಲಿ ಹೋಗಿ ನಿಂತೆ.

"ಆ ಮಿಸ್ ಇನ್ನೊಂದ್ಸಲ ಹೇಳಲ್ಲಮ್ಮ" ಅಂದೆ. "ನಾನ್ ಹೇಳ್ತೀನಿ, ಬರ್ಕೋ."

ನಾಲ್ಕನೇ ವಾಕ್ಯ ಹೇಳಿದೆ. ಮೂವರೂ ಬರೆದುಕೊಂಡರು. ಮುಂದಿನ ಬೆಂಚಿನವರು ಪೆನ್ನು ಹಿಡಿದುಕೊಂಡು ಹಿಂದಕ್ಕೆ ತಿರುಗಿ, "ಮಿಸ್, ನಮಗೆ ಕೇಳಿಸ್ಲಿಲ್ಲ" ಅಂದರು. ಅಲ್ಲಿಗೂ ನಡೆದುಕೊಂಡು ಹೋಗಿ ಹೇಳಿದೆ.